ಅಂಗಾಲಿನ ವಿಭೂತಿ

ಹಾಸನದ ಪ್ರವಾಸಿ ಮಂದಿರದ ವರಾಂಡದಲ್ಲಿ, ಸಾಕ್ಷಿ ಹೇಳಲು ಒಳಗಿನಿಂದ ಕರೆ ಬರುವುದನ್ನೇ ಕಾಯುತ್ತ ಬೆಂಚಿನ ತುದಿಯಲ್ಲಿ ಕೂತಿದ್ದ ಶಿವಯ್ಯನ ಪಾದಕ್ಕೆ ಯಾರೋ ಕೈ ಹಚ್ಚಿದಂತಾಯಿತು. ನೋಡಿದರೆ ಖಾಕಿ ಪ್ಯಾಂಟು, ಗಿಡ್ಡಗೆ ಕ್ರಾಪು ಹೊಡೆಸಿದ ತಲೆ. ಕಾನ್‌ಸ್ಟೇಬಲ್ ಬಸವರಾಜು. ರಜನೀಶ್ ಸತ್ತ ರಾತ್ರಿ ಠಾಣೆಯಲ್ಲಿ ಪಾಳಿಯ ಮೇಲಿದ್ದವನು ಇವನೇ. ಇವನು ಯಾರೆಂದು ತಿಳಿಯುವ ಮೊದಲೋ, ಅಥವಾ ತಿಳಿದ ಮೇಲೆಯೋ, ಶಿವಯ್ಯನ ಬಲಗೈ ತಾನೇ ತಾನಾಗಿ ಎದ್ದು ಆ ತಲೆಯ ಮೇಲೆ ಕೂತಿತ್ತು. ಬಾಯಿ "ಶಿವ ಒಳ್ಳೇದು ಮಾಡ್ಲಿ" ಎಂದು ಆಡಿಯೂ ಆಗಿತ್ತು. "ನಂದೇನೂ ಇಲ್ಲ ಅಯ್ನೋರೆ, ನಿಮಗೆ ಗೊತ್ತಿಲ್ದೆ ಇರೋದಾ? ಮನೇಲಿ ಸಣ್ಣ ಮಕ್ಳವೆ" ಎಂದು ಬಸವರಾಜು ತಗ್ಗಿದ ದನಿಯಲ್ಲಿ ಹೇಳಿ, ಕಣ್ಣಿಗೆ ಕೈ ಒತ್ತಿಕೊಂಡು ಹೊರಟುಹೋದ. ಶಿವಯ್ಯ ತನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ಅಯ್ಯನೋರ ಮನೆತನದಲ್ಲಿ ಹುಟ್ಟಿದ್ದಕ್ಕೆ, ಯಾರು ಬಗ್ಗಿದರೂ ಹರಸುತ್ತದೆ. ಕಳ್ಳ ಬಗ್ಗಿದರೂ ಹರಸುತ್ತದೆ, ಕೊಂದವನು ಬಗ್ಗಿದರೂ ಹರಸುತ್ತದೆ. ಪಕ್ಕದಲ್ಲಿ ಕೂತಿದ್ದ ಯಾರೋ ಗುತ್ತಿಗೆದಾರ ಇದನ್ನೆಲ್ಲ ನೋಡಿ ಮೀಸೆಯೊಳಗೇ ನಕ್ಕಂತಿತ್ತು.

ಈ ಕೈಯೇ ಮೂರು ತಿಂಗಳ ಹಿಂದೆ ರಜನೀಶನ ಮೈ ತೊಳೆದದ್ದು. ನೀಲಾಂಬಿಕೆಯ ಒಬ್ಬನೇ ಮಗ ಅವನು, ಅರಕಲಗೂಡಿನ ಕಡೆಯಿಂದ ಶುಂಠಿ, ಜೋಳ ತುಂಬಿಕೊಂಡು ಬಾಡಿಗೆಗೆ ಗೂಡ್ಸ್ ಆಟೋ ಓಡಿಸುತ್ತಿದ್ದ. ಕದ್ದ ಶುಂಠಿ ಸಾಗಿಸಿದ ಎಂಬ ಗುಮಾನಿಯ ಮೇಲೆ ಕರೆದುಕೊಂಡು ಹೋದ ಪೊಲೀಸರು, ಮಾರನೆಯ ದಿನ ಬೆಳಿಗ್ಗೆ, ಠಾಣೆಯ ಬಚ್ಚಲಲ್ಲಿ ಕಾಲು ಜಾರಿ ಬಿದ್ದ, ಎದೆ ನಿಂತುಹೋಯಿತು ಎಂದು ಹೇಳಿ ಕಳಿಸಿದರು. ಆಸ್ಪತ್ರೆಯಿಂದ ಹೆಣ ಬಂದದ್ದು ಸಂಜೆ ಹೊತ್ತಿಗೆ, ಹೊಲಿದು, ಬಿಳಿ ಬಟ್ಟೆ ಸುತ್ತಿ. ಹೆಣ ಅನ್ನಬಾರದು, ಲಿಂಗೈಕ್ಯನಾದ ಶರೀರ ಅನ್ನಬೇಕು; ಊರಿಗೆಲ್ಲ ಹಾಗೆ ತಿದ್ದಿ ಹೇಳಿಕೊಟ್ಟವನು ತಾನೇ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಧರಿಸಿ, ಕಾಲು ಮಡಿಸಿ ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತ ಹಾಗೆಯೇ ಮಣ್ಣಿಗಿಳಿಸುತ್ತಾರೆ. ಅದಕ್ಕೆ ಕೈ ಪಳಗಿರಬೇಕು. ಸೆಟೆದ ಮಂಡಿಗೆ ಬಿಸಿನೀರು ಹೊಯ್ದು, ತಿಕ್ಕಿ, ಮೆಲ್ಲಗೆ ಬಗ್ಗಿಸಬೇಕು. ಕೊಟ್ಟಿಗೆಯ ಪಕ್ಕ ಸೀರೆ ಮರೆ ಕಟ್ಟಿ, ಸಹಾಯಕ್ಕಿದ್ದವನನ್ನು ಬಿಸಿನೀರಿಗೆ ಕಳಿಸಿ, ಶಿವಯ್ಯ ಒಬ್ಬನೇ ಸುತ್ತಿದ ಬಟ್ಟೆ ಬಿಚ್ಚಿದಾಗ ಮೊದಲು ಕಂಡದ್ದು ಅಂಗಾಲು. ಎರಡೂ ಅಂಗಾಲು ಊದಿಕೊಂಡು, ಕಪ್ಪುನೀಲಿ ತಿರುಗಿ, ಹಿಮ್ಮಡಿಯಿಂದ ಬೆರಳವರೆಗೆ ಬಾಸುಂಡೆಯ ಮೇಲೆ ಬಾಸುಂಡೆ. ಬಚ್ಚಲಲ್ಲಿ ಜಾರಿದವನ ಅಂಗಾಲು ಹಾಗಾಗುವುದಿಲ್ಲ ಎನ್ನುವುದಕ್ಕೆ ಡಾಕ್ಟರಿಕೆ ಓದಬೇಕಾಗಿಲ್ಲ. ಮರೆಯಾಚೆ ನೀಲಾಂಬಿಕೆ ಒಂದೇ ಸಮನೆ ಕೇಳುತ್ತಿದ್ದಳು: "ನನ್ ಮಗಂಗೆ ನೋವಾಗಿತ್ತಾ ಅಯ್ನೋರೆ? ವಸಿ ನೋಡಿ ಯೋಳಿ, ನೋವಾಗಿತ್ತಾ?" ಆಗ ಈ ಕೈ ಏನು ಮಾಡಿತೆಂದರೆ, ಬಟ್ಟಲಿನಲ್ಲಿ ಕಲಸಿಟ್ಟ ವಿಭೂತಿಯನ್ನು ಹಿಡಿಹಿಡಿಯಾಗಿ ತೆಗೆದು ಆ ಎರಡೂ ಅಂಗಾಲಿಗೆ ದಪ್ಪಗೆ ಬಳಿಯಿತು, ಗೋಡೆಗೆ ಸುಣ್ಣ ಬಳಿದಂತೆ. ಬಾಯಿ "ಇಲ್ಲ ಕಣವ್ವ" ಎಂದಿತು. "ನಿನ್ ಮಗ ಲಿಂಗದಾಗೆ ಬೆರ್ತೋದ. ಇನ್ನು ಅವನ್ನ ಯಾರೂ ಮುಟ್ಟಾಕಾಗಾಕಿಲ್ಲ." ಆ ಹೊತ್ತಿಗೆ ಅದು ದಯೆಯಂತೆಯೇ ಕಂಡಿತ್ತು. ಈಗಲೂ, ಎಷ್ಟು ತಿರುವಿ ಹಾಕಿ ನೋಡಿದರೂ, ಅದು ದಯೆಯಲ್ಲ ಎಂದು ಹೇಳಲು ಅವನಿಗೆ ಬರುತ್ತಿರಲಿಲ್ಲ. ಹಾಗಾದರೆ ಮೂರು ತಿಂಗಳಿಂದ ಉಂಡದ್ದು ಯಾಕೆ ಮೈಗೆ ಹತ್ತುತ್ತಿಲ್ಲ? ಹೆಂಡತಿ ಶಾಂತಕುಮಾರಿ ಇವತ್ತು ಬೆಳಿಗ್ಗೆಯೂ ಅದನ್ನೇ ಅಂದಿದ್ದಳು. ಅಂದು, ಅದರ ಬೆನ್ನಿಗೇ, "ನಮಗ್ಯಾಕ್ ಬೇಕು ಊರ್ ಉಸಾಬರಿ, ಕಂಡಿಲ್ಲ ಅಂತ ಯೋಳ್ಬುಟ್ಟು ಬನ್ನಿ" ಎಂದೂ ಸೇರಿಸಿದ್ದಳು.

ವಕೀಲೆ ಭವ್ಯಶ್ರೀ ಕಡತದ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಳು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವರ ಮಗಳು. ವಯಸ್ಸು ಇನ್ನೂ ಮೂವತ್ತು ದಾಟಿಲ್ಲ, ಆಗಲೇ ತಲೆಯಲ್ಲಿ ಅಲ್ಲಲ್ಲಿ ಬಿಳಿಗೂದಲು. ಠಾಣೆಗಳಲ್ಲಿ ಸತ್ತವರ ಮನೆ ಹುಡುಕಿಕೊಂಡು ಹೋಗುವುದೇ ಅವಳ ಕಸುಬು. ಮೊದಲ ಸಲ ಮನೆಗೆ ಬಂದಾಗ ಶಿವಯ್ಯ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದ, ಎರಡನೆಯ ಸಲ ನೀರು ಕೊಟ್ಟಿದ್ದ, ಮೂರನೆಯ ಸಲ ಎಲ್ಲವನ್ನೂ ಹೇಳಿಬಿಟ್ಟಿದ್ದ. ಅವಳು ಬೈಯಲಿಲ್ಲ. ಕೊಲಂಬೋದಲ್ಲಿ ತಾನು ಹೋಗಿದ್ದ ಒಂದು ಸಭೆಯ ವಿಷಯ ಹೇಳಿದ್ದಳು. ನಮ್ಮ ಸುತ್ತಮುತ್ತಲಿನ ಎಷ್ಟೋ ದೇಶಗಳಿಂದ ತಾಯಂದಿರು ಬಂದಿದ್ದರಂತೆ. ಒಬ್ಬೊಬ್ಬರದು ಒಂದೊಂದು ಭಾಷೆ, ಒಬ್ಬರ ಮಾತು ಒಬ್ಬರಿಗೆ ತಿಳಿಯದು. ದುಭಾಷಿಗಳು ಹೇಳುತ್ತ ಹೋದಂತೆ ಎಲ್ಲರ ಮಾತೂ ಒಂದೇ ಆಯಿತಂತೆ: ಬಚ್ಚಲಲ್ಲಿ ಜಾರಿ ಬಿದ್ದ ಅಂದರು, ಬಚ್ಚಲಲ್ಲಿ ಜಾರಿ ಬಿದ್ದ ಅಂದರು. "ಒಬ್ಬ ಅಜ್ಜಿ ಕೇಳಿದ್ರು ಸ್ವಾಮಿ, ಲೋಕದಲ್ಲಿ ಎಲ್ಲಾ ಸರ್ಕಾರಾನೂ ಒಬ್ಬನೇ ಗಾರೆಯವನ ಕೈಲಿ ಬಚ್ಚಲು ಕಟ್ಟಿಸ್ತವಾ ಅಂತ. ನಾವೆಲ್ಲ ನಕ್ಕುಬಿಟ್ವಿ. ಅಷ್ಟು ಜನ ತಾಯಂದಿರೂ ನಕ್ಕರು." ಆ ನಗು ಹೇಗಿದ್ದಿರಬಹುದು ಎಂದು ಶಿವಯ್ಯ ಆಮೇಲೆ ಎಷ್ಟೋ ಸಲ ಯೋಚಿಸಿದ್ದಾನೆ. ಈಗ ಭವ್ಯಶ್ರೀ ಅವನ ಕಡೆ ವಾಲಿ, "ನೋಡಿದ್ದನ್ನ ನೋಡಿದ ಹಾಗೆ ಹೇಳಿ, ಸಾಕು. ಏನೂ ಸೇರಿಸಬೇಡಿ" ಎಂದಳು. ಆಗ ಒಳಗಿನಿಂದ ಜವಾನ ಇವನ ಹೆಸರು ಕೂಗಿದ, ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲದೆ. ಐವತ್ತು ದಾಟಿದ ಮೇಲೆ ಹಾಗೆ ಬೋಳಾಗಿ ತನ್ನ ಹೆಸರನ್ನು ಕೇಳಿಸಿಕೊಂಡದ್ದು ಇದೇ ಮೊದಲು.

ಬೆಂಗಳೂರಿನಿಂದ ಬಂದಿದ್ದ ತನಿಖಾಧಿಕಾರಿ ಮೆದುವಾದ ಮನುಷ್ಯ. ದನಿ ಏರಿಸಲಿಲ್ಲ, ಕೂತುಕೊಳ್ಳಿ ಎಂದ, ಫ್ಯಾನು ಜೋರು ಮಾಡಿಸಿದ. ಬಿರುಸಾಗಿ ಗದರಿಸಿದ್ದರೆ ಒಳ್ಳೆಯದಿತ್ತೇನೋ. ಗದರುವವರ ಮುಂದೆ ಸುಮ್ಮನಿರುವುದು ಶಿವಯ್ಯನಿಗೆ ಗೊತ್ತಿತ್ತು. ಅಂಗಾಲಿನ ವಿಷಯ ಹೇಳಿದ. ಹೇಳುವಾಗ ತನ್ನ ದನಿ ಮದುವೆಯಲ್ಲಿ ಮಂತ್ರ ಹೇಳುವ ದನಿಯ ಹಾಗೆ ರಾಗ ಹಿಡಿಯುತ್ತಿದೆ ಎನ್ನಿಸಿ ನಾಚಿಕೆಯಾಯಿತು. ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು ಮೊಬೈಲು ತೆಗೆದು ಅವನ ಮುಂದಿಟ್ಟ. ಮಣ್ಣಿನ ದಿವಸ ಬಂದೋಬಸ್ತಿಗೆ ಬಂದಿದ್ದ ಪೊಲೀಸರು ತೆಗೆದ ಫೋಟೋ. ಕಾಲು ಮಡಿಸಿ ಕೂತಿರುವ ರಜನೀಶ್, ಕೊರಳಲ್ಲಿ ಹೂವು, ಮೇಲ್ಮುಖವಾದ ಎರಡು ಅಂಗಾಲು, ಬೆಳ್ಳಗೆ, ಹಾಲಿನಲ್ಲಿ ಅದ್ದಿ ತೆಗೆದಂತೆ.

"ಗಾಯ ಎಲ್ಲಿದೆ ತೋರಿಸಿ" ಎಂದ ಅಧಿಕಾರಿ.

"ಅದ್ರ ಕೆಳ್ಗೆ ಸ್ವಾಮಿ. ನಾನೇ ಬಳ್ದಿದ್ದು."

"ಯಾಕೆ?"

"ತಾಯಿ ನೋಡ್‌ಬಾರ್ದು ಅಂತ."

"ತಾಯಿ ನೋಡಬಾರದು, ಸರಿ. ಆಸ್ಪತ್ರೆಯವರ ವರದಿಯಲ್ಲಿ ಇಲ್ಲ, ನೆಂಟರು ನೋಡಿಲ್ಲ. ನೀವೊಬ್ಬರೇ ನೋಡಿದ್ದು, ನೋಡಿದ ಕೂಡಲೇ ಮುಚ್ಚಿದ್ದೂ ನೀವೇ. ಹೀಗೆ ಬರೆದುಕೊಂಡರೆ ಓದಿದವರು ಏನಂತಾರೆ, ನೀವೇ ಹೇಳಿ." ಅಧಿಕಾರಿ ನಗಲಿಲ್ಲ, ಅವನಿಗೂ ಬೇಜಾರಾದಂತೆಯೇ ಕಂಡಿತು. "ಬೇರೆ ಏನಾದರೂ ಕಂಡಿರಾ?"

ಬಲ ಮಂಡಿ, ಎಂದ ಶಿವಯ್ಯ. ಎಡಗಾಲು ತಿಕ್ಕಿ ತಿಕ್ಕಿ ಬಗ್ಗಿಸಬೇಕಾಯಿತು. ಬಲ ಮಂಡಿ ಪಕ್ಕಕ್ಕೆ ವಾಲಿತು, ಒಳಗೆ ಲಟಕ್ ಅಂದಿತು. ಇದನ್ನು ಅವನು ಭವ್ಯಶ್ರೀಗೂ ಹೇಳಿದ್ದ. ಅಧಿಕಾರಿ ಲೇಖನಿಯನ್ನು ಕೆಳಗಿಟ್ಟ. "ನಿಮ್ಮಲ್ಲಿ ಕೂರಿಸುತ್ತೀರಲ್ಲ. ಸೆಟೆದ ಕಾಲನ್ನು ಬಲವಂತವಾಗಿ ಬಗ್ಗಿಸುತ್ತೀರಿ. ಲಟಕ್ ಅಂದಿದ್ದು ಆಗ, ನಿಮ್ಮ ಕೈಯಲ್ಲಿ. ಅದನ್ನು ನೀವೇ ಮುರಿದಿರಬಹುದಲ್ಲ?"

ಕೋಣೆಯ ಗೋಡೆಗಳೆಲ್ಲ ಒಂದು ಗೇಣು ಹತ್ತಿರ ಸರಿದಂತಾಯಿತು. ಇಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದ. ಆದರೆ ಆ ಲಟಕ್ ಮತ್ತೆ ಕೇಳಿಸಿತು, ಮೂರು ತಿಂಗಳಿಂದ ಕೇಳಿಸುತ್ತಿದ್ದಂತೆಯೇ ಸ್ಪಷ್ಟವಾಗಿ, ತನ್ನ ಎರಡು ಕೈಗಳ ನಡುವೆ. ಮಂಡಿ ಮೊದಲು ವಾಲಿತೋ, ಸದ್ದು ಮೊದಲು ಬಂತೋ? ಅಂಗಾಲು ನೋಡಿ ಗಾಬರಿಯಾಗಿದ್ದ ಕೈ ಅವತ್ತು ಅವಸರ ಮಾಡಿರಲಿಲ್ಲವೆ? ಹೊತ್ತು ಮುಳುಗುವ ಮುಂಚೆ ಮಣ್ಣಾಗಲಿ ಎಂದು ಸಬ್‌ಇನ್ಸ್‌ಪೆಕ್ಟರು ಮರೆಯಾಚೆ ನಿಂತು ಕೆಮ್ಮುತ್ತಿದ್ದ. ಆ ಕೆಮ್ಮಿಗೆ ಹೆದರಿ ತಾನು ಒಂದು ತೂಕ ಹೆಚ್ಚು ಒತ್ತಿದೆನೋ ಏನೋ. ಇಷ್ಟು ವರ್ಷ ಎಷ್ಟೋ ಜನರನ್ನು ಕುಳ್ಳಿರಿಸಿದ್ದಾನೆ, ತೊಂಬತ್ತು ದಾಟಿದ ಮುದುಕಿಯರ ಕಾಲನ್ನೂ ನೋಯಿಸದೆ ಮಡಿಸಿದ್ದಾನೆ, ಸತ್ತವರಿಗೆ ನೋವೆಲ್ಲಿಂದ ಎಂದು ಯಾವತ್ತೂ ಅಸಡ್ಡೆ ಮಾಡಿದವನಲ್ಲ. ಆದರೂ ಈಗ ಆಣೆ ಇಟ್ಟು ಹೇಳು ಎಂದರೆ ಹೇಳಲಾರ. "ಗೊತ್ತಿಲ್ಲ ಸ್ವಾಮಿ" ಎಂದ. ಅಧಿಕಾರಿ ಅದನ್ನು ಬರೆದುಕೊಂಡ. ಆಮೇಲೆ, ಶಿವಯ್ಯನ ಜೊತೆ ಒಳಗೆ ಬಂದು ಕೂತಿದ್ದ ಭವ್ಯಶ್ರೀಯ ಕಡೆ ತಿರುಗಿ, ಸಮಾಧಿ ತೆಗೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸದೆ ಈ ಮಾತಿನ ಮೇಲೆ ತಾನೇನೂ ಮಾಡಲಾಗದು, ತೆಗೆಸುವುದಕ್ಕೆ ತಾಯಿಯೇ ಬೇಡ ಎಂದು ಕೂತಿದ್ದಾಳೆ, ಧರ್ಮದ ವಿಷಯ, ಅವಳ ಮಾತು ಮೀರಿ ಊರವರನ್ನು ಎದುರು ಹಾಕಿಕೊಳ್ಳಲು ಮೇಲಿನವರು ಒಪ್ಪುವುದಿಲ್ಲ, ನಾಳೆ ಸಂಜೆಯೊಳಗೆ ತಾಯಿಯ ಅರ್ಜಿ ಬರದಿದ್ದರೆ ವರದಿ ಮುಗಿಸಿಬಿಡುತ್ತೇನೆ ಎಂದ. ಮುಗಿಸುವುದೆಂದರೆ, ಬಚ್ಚಲಲ್ಲಿ ಜಾರಿ ಬಿದ್ದ ಎಂದು ಬರೆಯುವುದು.

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಭವ್ಯಶ್ರೀ ಗೇಟಿನ ಬಳಿ ನಿಂತು ಎಳನೀರು ಕೊಡಿಸಿದಳು. "ಒಂದು ಮಾತು ಮೊದಲೇ ಹೇಳ್ಬಿಡ್ತೀನಿ" ಎಂದಳು ಅವಳು. "ಮೂರು ತಿಂಗಳಾಯ್ತು. ಅಂಗಾಲಲ್ಲಿ ಈಗ ಏನೂ ಉಳಿದಿರಲ್ಲ. ಮೂಳೆ ಇರುತ್ತೆ. ಮಂಡಿ ಬದುಕಿದ್ದಾಗ ಮುರಿದಿದ್ದಾ, ಸತ್ತ ಮೇಲೆ ಮುರಿದಿದ್ದಾ ಅಂತ ತಜ್ಞರು ಹೇಳ್ತಾರೆ." ಸತ್ತ ಮೇಲೆ ಎಂದರೆ ಯಾರು ಮುರಿದದ್ದು ಎಂದು ಅವಳು ಹೇಳಲಿಲ್ಲ, ಇವನೂ ಕೇಳಲಿಲ್ಲ. ತಾಯಿಗೆ ತಾನು ಎಷ್ಟು ಹೇಳಿದರೂ ಒಂದೇ ಜವಾಬು ಎಂದಳು ಭವ್ಯಶ್ರೀ: ಅಯ್ಯನೋರು ಹೇಳವ್ರೆ, ಇನ್ನು ಅವನ್ನ ಯಾರೂ ಮುಟ್ಟಂಗಿಲ್ಲ. "ಕಟ್ಟಿದೋರೇ ಬಿಚ್ಚಬೇಕು ಸ್ವಾಮಿ" ಎಂದು ಹೇಳಿ, ಅರ್ಜಿಯ ಹಾಳೆಯನ್ನು ಅವನ ಕೈಗಿತ್ತು ಅವಳು ಆಟೋ ಹತ್ತಿದಳು.

ಹೊಳೆನರಸೀಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಮಾತು ಹೊಂದಿಸಿಕೊಂಡ. ಅವ್ವ, ಅವತ್ತು ನಾನು ಹೇಳಿದ್ದು ಸುಳ್ಳು. ಹಾಗಲ್ಲ. ಅವ್ವ, ಶಾಸ್ತ್ರದಲ್ಲಿ ಇದಕ್ಕೊಂದು ದಾರಿ ಇದೆ. ಯಾವ ಶಾಸ್ತ್ರದಲ್ಲಿ? ಮಣ್ಣಿಗಿಳಿಸಿದವರನ್ನು ಮತ್ತೆ ಎತ್ತಿದ ಅಯ್ಯನೋರನ್ನು ಯಾವ ಮನೆಯವರು ಲಿಂಗಧಾರಣೆಗೆ ಕರೆದಾರು? ನಾಳಿದ್ದಿನಿಂದ ಶಾಂತಕುಮಾರಿ ನೀರಿಗೆ ಹೋದರೆ ನಲ್ಲಿಯ ಹತ್ತಿರದ ಮಾತು ನಿಲ್ಲುತ್ತದೆ. ಅದೆಲ್ಲ ಹಾಳಾಗಲಿ. ಅವನಿಗೆ ನಿಜವಾಗಿ ಭಯವಿದ್ದದ್ದು ನೀಲಾಂಬಿಕೆಯ ಮುಖದ್ದು, ಮರೆಯಾಚೆಯಿಂದ ನೋವಾಗಿತ್ತಾ ಎಂದು ಕೇಳಿದವಳ ಮುಖದ್ದು. ತಾನು ಕೊಟ್ಟ ಆ ಒಂದು ಮಾತನ್ನು ಊರುಗೋಲು ಮಾಡಿಕೊಂಡು ಅವಳು ಇಷ್ಟು ದಿನ ನಡೆದಿದ್ದಾಳೆ, ಅದನ್ನೀಗ ಕಿತ್ತುಕೊಳ್ಳಬೇಕು. ಮಣ್ಣಾದ ದಿವಸದಿಂದ ಅವಳು ಸೋಮವಾರ ಅವನ ಮನೆಗೆ ಪಾದೋದಕದ ತೀರ್ಥಕ್ಕೆ ಬರುವುದನ್ನು ಬಿಟ್ಟಿದ್ದಳು. ದುಃಖ, ಇನ್ನೇನು ಎಂದು ಶಿವಯ್ಯ ಅಂದುಕೊಂಡಿದ್ದ. ದುಃಖಕ್ಕೆ ಅವಸರ ಮಾಡಬಾರದು ಎಂದು ತಾನೂ ಆ ಬೀದಿಗೆ ಹೋಗಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ. ಅವನು ಆ ಬೀದಿಯನ್ನು ತಪ್ಪಿಸಿ ಹಿತ್ತಲ ದಾರಿ ಹಿಡಿಯುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು.

ನೀಲಾಂಬಿಕೆ ಅಂಗಳದಲ್ಲಿ ಜೋಳದ ತೆನೆ ಬಿಡಿಸುತ್ತ ಕೂತಿದ್ದಳು. ಇವನನ್ನು ಕಂಡು ಎದ್ದು ಬಂದು ಕಾಲು ಮುಟ್ಟಲಿಲ್ಲ. "ಬನ್ನಿ" ಎಂದಳು, ಅಷ್ಟೇ. ಜಗಲಿಯ ಮೇಲೆ ಚಾಪೆಯೂ ಬರಲಿಲ್ಲ. ಶಿವಯ್ಯ ನಿಂತುಕೊಂಡೇ, ಬಸ್ಸಿನಲ್ಲಿ ಹೊಂದಿಸಿಕೊಂಡದ್ದೆಲ್ಲ ಮರೆತು, ಬಿರಬಿರನೆ ಹೇಳಿಬಿಟ್ಟ. ಅಂಗಾಲು, ಬಾಸುಂಡೆ, ವಿಭೂತಿ, ಫೋಟೋ, ಲಟಕ್ ಎಂದ ಮಂಡಿ. ಹೇಳಿ ಮುಗಿಸಿದಾಗ ಅವಳ ಕೈ ಇನ್ನೂ ತೆನೆ ಬಿಡಿಸುತ್ತಲೇ ಇತ್ತು. ಕಾಳು ಮೊರಕ್ಕೆ ಬೀಳುತ್ತಿತ್ತು.

"ಗೊತ್ತು" ಎಂದಳು.

"ಏನ್ ಗೊತ್ತವ್ವ?"

"ಅಂಗಾಲು. ಕುಂಡ್ರುಸಿದ್ ಮ್ಯಾಲೆ ನೀವೇ ಕರುದ್ರಲ್ಲ, ಲಿಂಗ ಆಗವ್ನೆ, ಹೆತ್ತೋಳಾದ್ರೂ ಅಡ್ಡಬೀಳ್ಬೇಕು, ಬಾರವ್ವ ಅಂತ. ಬಿದ್ದೆ. ಪಾದುಕ್ಕೆ ಹಣೆ ಇಟ್ಟೆ. ಎದ್ದಾಗ ಇಬೂತಿ ನನ್ ಹಣೆಗೆ ಬಂದಿತ್ತು. ಅದು ಬಿಟ್ಟಿದ್ ಜಾಗ ಕಂಡೆ. ನೇರಳೆ ಹಣ್ಣಿನಂಗಿತ್ತು."

ಶಿವಯ್ಯ ಕೇಳಿದ, "ಅವಾಗ್ಲೇ ಯಾಕ್ ಕೂಗ್ಲಿಲ್ಲ?"

"ಯಾರ್ನ ಕೂಗಾದು? ಸುತ್ತೂಕೂ ಪೊಲೀಸ್ನೋರು ನಿಂತವ್ರೆ. ನಿಮ್ ಮೊಕ ನೋಡ್ದೆ. ನೀವೂ ನನ್ ನೋಡುದ್ರಿ. ನೋಡ್ಬುಟ್ಟು, ಬಗ್ಗಿ, ಅದೇ ಜಾಗುಕ್ಕೆ ಇನ್ನೊಂದ್ ಹಿಡಿ ಬಳುದ್ರಿ." ಅವಳು ಮೊದಲ ಸಲ ತಲೆಯೆತ್ತಿದಳು. ಕಣ್ಣು ಒಣಗಿತ್ತು. "ಓ, ಅಯ್ನೋರ್ನೂ ಕೊಂಡ್ಕಂಡವ್ರೆ ಅಂದ್ಕಂಡೆ."

ಹೌದು, ಬಳಿದಿದ್ದ. ಅಳಿಸಿಹೋದ ಜಾಗಕ್ಕೆ ಇನ್ನೊಂದು ಹಿಡಿ. ಅವಳು ಕಂಡಿಲ್ಲ, ಕಾಣುವ ಮೊದಲೇ ಮುಚ್ಚಿದೆ ಎಂದು ಆ ಕ್ಷಣ ಎದೆಯಲ್ಲಿ ತಂಪಾದದ್ದೂ ನೆನಪಿದೆ. ಮೂರು ತಿಂಗಳು ಈ ಹೆಂಗಸು ಊರಿನ ಮಧ್ಯೆ ಒಬ್ಬಳೇ ಕೂತು, ಮಗನನ್ನು ಕೊಂದವರು ಒಂದು ಕಡೆ, ಕೊಂದದ್ದನ್ನು ಮುಚ್ಚಿದವನು ಒಂದು ಕಡೆ ಎಂದುಕೊಂಡು ಉಂಡು ಮಲಗಿ ಎದ್ದಿದ್ದಾಳೆ. ಕೇಳಲು ಬಂದ ವಕೀಲೆಗೆ ಅಯ್ಯನೋರು ಹೇಳವ್ರೆ ಎಂದು ಅವಳು ಅಂದದ್ದು ಭಕ್ತಿಯಿಂದಲ್ಲ. ಅವರನ್ನೇ ಹೋಗಿ ಕೇಳಿಕೊಳ್ಳಿ ಎನ್ನುವ ಹಾಗೆ ಅಂದದ್ದು.

"ಇಲ್ಲ ಕಣವ್ವ. ನೀನು ನೋಡ್‌ಬಾರ್ದು ಅಂತ ಬಳ್ದೆ. ನಿನ್ ಸಂಕ್ಟ ನೋಡಾಕಾಗ್ದೆ. ಲಿಂಗದಾಣೆಗೂ."

"ಇರ್ಬೋದು" ಎಂದಳು ನೀಲಾಂಬಿಕೆ.

ನಂಬಿದೆ ಎಂದಲ್ಲ, ನಂಬಲಿಲ್ಲ ಎಂದೂ ಅಲ್ಲ. ಇನ್ನೊಂದು ತೆನೆ ಎತ್ತಿಕೊಂಡಳು. ಶಿವಯ್ಯ ಅರ್ಜಿಯ ಹಾಳೆಯನ್ನು ಜಗಲಿಯ ಮೇಲಿಟ್ಟು, ನಾಳೆ ಸಂಜೆಯ ಗಡುವಿನ ವಿಷಯ ಹೇಳಿದ. ಅವಳು ತೆನೆಯಿಂದ ಒಂದು ಸಾಲು ಕಾಳು ಬಿಡಿಸಿದಳು. ಆಮೇಲೆ ತೆನೆಯನ್ನು ಕೈಯಲ್ಲೇ ಹಿಡಿದುಕೊಂಡು ಅಂದಳು: "ತೆಗಿಸ್ಲಿ. ಆದ್ರೆ ಬ್ಯಾರೆ ಯಾರೂ ಮುಟ್ಟಂಗಿಲ್ಲ. ಕುಂಡ್ರುಸಿದ್ ಕೈಯೇ ಎತ್ಬೇಕು. ಆ ಆಪೀಸರ್ ಎದ್ರಿಗೆ ನೀವೇ ನೀರಾಕಿ, ಇಬೂತಿ ತೊಳ್ದು, ನನ್ ಮಗನ ಅಂಗಾಲು ತೋರ್ಸಿ. ಊರೆಲ್ಲ ನೋಡ್ಲಿ."

ಆಗಲಿ ಕಣವ್ವ, ತೋರಿಸುತ್ತೇನೆ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಾಗಿತ್ತು, ಹರಸುವ ಕೈ ಮೇಲೇಳುವಷ್ಟೇ ಸಲೀಸಾಗಿ. ಹಾಗಂದಿದ್ದರೆ ಅವಳು ಸಹಿ ಹಾಕುತ್ತಿದ್ದಳು, ಇವತ್ತೊಂದು ರಾತ್ರಿ ನಿದ್ದೆಯನ್ನೂ ಮಾಡುತ್ತಿದ್ದಳೇನೋ. ಶಿವಯ್ಯ ಆ ಮಾತನ್ನು ನುಂಗಿಕೊಂಡ. ನುಂಗುವಾಗ ಅವನಿಗೆ ತನ್ನ ಬಗ್ಗೆ ಹೇಸಿಗೆಯೂ, ಅವಳ ಬಗ್ಗೆ ತಡೆಯಲಾರದ ಕರುಣೆಯೂ ಒಟ್ಟಿಗೇ ಬಂದವು. "ಎತ್ತೀನಿ ಕಣವ್ವ, ನಾನೇ ಎತ್ತೀನಿ. ಆದ್ರೆ ಅಂಗಾಲು ಇರಾಕಿಲ್ಲ. ಮೂರು ತಿಂಗ್ಳಾಯ್ತು. ಬರೀ ಮೂಳೆ ಇರ್ತವೆ" ಎಂದ.

ತೆನೆ ಅವಳ ಕೈಯಿಂದ ಮೊರಕ್ಕೆ ಬಿತ್ತು. ಯಾರೂ ಮುಟ್ಟಲಾಗದು ಎಂದು ಇವನು ಹೇಳಿದ್ದನ್ನು ಅವಳು ಅಷ್ಟು ಸಿಟ್ಟಿನ ಮಧ್ಯೆಯೂ ಒಂದಿಷ್ಟು ನಂಬಿಯೇ ಇದ್ದಳು ಎಂದು, ಮಣ್ಣೊಳಗೆ ಮಗ ಕೂತ ಹಾಗೆಯೇ ಕೂತಿದ್ದಾನೆ ಎಂದುಕೊಂಡಿದ್ದಳು ಎಂದು, ಶಿವಯ್ಯನಿಗೆ ಆಗ ತಿಳಿಯಿತು. ಬೀದಿಯಲ್ಲಿ ಯಾರೋ ದನ ಹೊಡೆದುಕೊಂಡು ಹೋದರು, "ಅಡ್ಬಿದ್ದೆ ಅಯ್ನೋರೆ" ಎಂದರು. ಅವನು ಕೈ ಎತ್ತಲಿಲ್ಲ.

"ಅಂಗಾರೆ ಅದ್ನ ಕಂಡೋರು ಲೋಕ್ದಾಗೆ ನಾವಿಬ್ರೇ" ಎಂದಳು ನೀಲಾಂಬಿಕೆ ಕೊನೆಗೆ.

"ಊಂ ಕಣವ್ವ."

ಅವಳು ಹಾಳೆಯನ್ನು ತೆಗೆದುಕೊಂಡು ಮಡಿಕೆಯಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. ಚೆದುರಿದ ಕಾಳನ್ನು ಒಂದೊಂದಾಗಿ ಆಯ್ದು ಮೊರಕ್ಕೆ ಹಾಕಿದಳು. ಮೊರ ಎತ್ತಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನೋಡದೆಯೇ ಹೇಳಿದಳು:

"ನಾಳೆ ಆಸನುಕ್ಕೆ ನಾನೇ ಓಗಿ ಕೊಡ್ತೀನಿ. ನಾನ್ ಕಂಡಿದ್ದ ನಾನ್ ಯೋಳ್ತೀನಿ, ನೀವ್ ಕಂಡಿದ್ದ ನೀವ್ ಯೋಳಿ. ನನ್ ಜೊತೀಗ್ ಮಾತ್ರ ಬರ್‌ಬ್ಯಾಡಿ."